ಮುನಿಶಾಮಪ್ಪ ಟೀವಿಯಲ್ಲಿ ಬಂದದ್ದು

ಎಲ್ಲಕ್ಕೂ ಮೂಲ ಹದಿನೈದು ಪೈಸೆಯ ಒಂದು ಕಾರ್ಡು. ಬೆಂಗಳೂರು ಬಿಟ್ಟು, ನಾಲ್ಕು ದಿನ ದಾರಿಯಲ್ಲಿ ಸುಧಾರಿಸಿಕೊಂಡು, ಅದು ಬಾಗಲೂರು ಪಕ್ಕದ ಆ ಹಳ್ಳಿಗೆ ಗುರುವಾರ ಬೆಳಿಗ್ಗೆ ಬಂದು ತಲುಪಿತು. ಅಂಚೆಯವನು ವಾಡಿಕೆಯಂತೆ ಅದನ್ನು ಟೀ ಅಂಗಡಿಯಲ್ಲಿ ಗಟ್ಟಿಯಾಗಿ ಓದಿ, ಇಡೀ ಊರಿಗೆ ವಿಷಯ ತಿಳಿದ ಮೇಲೆ, ಕಟ್ಟಕಡೆಗೆ ಮುನಿಶಾಮಪ್ಪನಿಗೆ ತಂದುಕೊಟ್ಟ. ‘ತಾವು ಭಾಗವಹಿಸಿದ ರೈತರ ಕಾರ್ಯಕ್ರಮವು ಇದೇ ಗುರುವಾರ ಸಂಜೆ ಆರೂವರೆಗೆ ಟೀವಿಯಲ್ಲಿ ಬರುತ್ತದೆ’ ಎಂದು ಅದರಲ್ಲಿ ಬರೆದಿತ್ತು.

ಎರಡು ತಿಂಗಳ ಹಿಂದೆ ಬೆಂಗಳೂರಿನ ಟೀವಿಯವರ ವ್ಯಾನು ದಾರಿ ತಪ್ಪಿ ಗಡಿ ದಾಟಿ ಬಂದಿತ್ತು. ತಾವು ತಮಿಳುನಾಡಿನಲ್ಲಿದ್ದೇವೆ ಎಂಬುದು ಅವರಿಗೆ ಗೊತ್ತಾದದ್ದು ಬೀಡಾ ಅಂಗಡಿಯ ಬೋರ್ಡು ನೋಡಿದ ಮೇಲೆ. ಅಷ್ಟರಲ್ಲಿ ಮುನಿಶಾಮಪ್ಪ ಎಲೆಕೋಸಿಗೆ ಔಷಧಿ ಹೊಡೆಯುತ್ತಿದ್ದದ್ದು ಕಣ್ಣಿಗೆ ಬಿತ್ತು. "ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ, ಏನೂ ಬದಲಾಯಿಸಬೇಡಿ" ಎಂದರು. ಆದರೂ ಅವನು ಮನೆಗೆ ಓಡಿ, ಗುಲಾಬಿ ಬಣ್ಣದ ರೇಷ್ಮೆ ಶರ್ಟು ತೊಟ್ಟು ಬಂದ. ಒಂದು ಗಂಟೆ ಚಿತ್ರ ತೆಗೆದ ಮೇಲೆ ಅವರಲ್ಲಿದ್ದ ಕನ್ನಡಕದ ಹೆಂಗಸೊಬ್ಬಳು, "ನಿಮ್ಮಂಥವರು ಸಿಕ್ಕಿದ್ದು ನಮ್ಮ ಪುಣ್ಯ" ಎಂದಳು. ಅಂದಿನಿಂದ ಮುನಿಶಾಮಪ್ಪ ಯಾರೊಡನೆ ಮಾತಾಡಿದರೂ ಮುಖವನ್ನು ಎಡಕ್ಕೆ ತಿರುಗಿಸಿಯೇ ಮಾತಾಡುತ್ತಿದ್ದ. ಆ ಮಗ್ಗುಲೇ ಚೆನ್ನಾಗಿ ಬರುತ್ತದೆ ಎಂದು ಕ್ಯಾಮೆರಾದವನು ಹೇಳಿದ್ದನಂತೆ.

ಕಾರ್ಡು ಕೈಗೆ ಬರುವ ಹೊತ್ತಿಗೆ ಅಕ್ಕನ ಮಗ ಚನ್ನಕೇಶವ ಬಾಗಿಲಲ್ಲಿ ನಿಂತಿದ್ದ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಅವನ ಕೆಲಸ ದಿನವಿಡೀ ಒಂದೇ ತರಹದ ಸ್ಕ್ರೂ ತಿರುಗಿಸುವುದು. ಊರಿನಲ್ಲಿ ಮಾತ್ರ ರೇಡಿಯೋದಿಂದ ರಾಕೆಟ್ಟಿನವರೆಗೆ ಅವನಿಗೆ ತಿಳಿಯದ್ದಿಲ್ಲ.

"ಬರೀ ಟೀವಿ ತಂದ್ರೆ ಸಾಲ್ದು ಮಾವ. ಬಂತು, ಹೋಯ್ತು ಅನ್ನಂಗಾಗ್ತದೆ. ವಿಸಿಆರ್ ಬೇಕು. ರೆಕಾರ್ಡ್ ಮಾಡಿಕ್ಕಂಡ್ರೆ ನಿನ್ ಮೊಮ್ಮಕ್ಳು ಮರಿಮಕ್ಳೂ ನೋಡ್ಬೋದು."

ಮುನಿಶಾಮಪ್ಪ ಪೆಟ್ಟಿಗೆಯ ಬೀಗಕ್ಕೆ ಕೈ ಹಾಕಿದ. ಹೆಂಡತಿ ಗೋವಿಂದಮ್ಮ ಅಡ್ಡ ಬಂದು ನಿಂತಳು.

"ಮೋಟ್ರು ಸುಟ್ಟೋಗಿ ತಿಂಗ್ಳಾತು. ಅದು ಮೋಟ್ರಿಗೆ ಅಂತ ಇಕ್ಕಿರಾ ದುಡ್ಡು."

"ಮೋಟ್ರು ನಾಳೆನೂ ಸಿಕ್ತದೆ. ನಾನು ಟೀವಿನಾಗೆ ನಾಳೆ ಬರಾಕಿಲ್ಲ."

"ಮೊಕ ನೋಡ್ಕಣಕ್ಕೆ ಕನ್ನಡಿ ಐತಲ್ಲ" ಎಂದು ಅವಳು ಒಳಗೆ ಹೋದಳು.

ಹೊಸೂರಿನಲ್ಲಿ ಇಳಿದ ಕೂಡಲೇ ಮಾವ ಅಳಿಯ ಇಬ್ಬರೂ ಸುಬ್ಬರಾಮ ಮೇಷ್ಟ್ರ ಮನೆಗೆ ಹೋದರು. ಹಿಂದೆ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮೂರು ವರ್ಷದಿಂದ ಮನೆಯಲ್ಲಿ ಕಪ್ಪು ಬಿಳುಪಿನ ಟೀವಿ ಇಟ್ಟುಕೊಂಡು, ಆ ಒಂದೇ ಬಲದ ಮೇಲೆ ಹೊಸೂರಿಗೆಲ್ಲ ಬುದ್ಧಿ ಹೇಳುತ್ತಿದ್ದರು. ಕರೆಯುವ ಮೊದಲೇ ಚಪ್ಪಲಿ ಮೆಟ್ಟಿದರು.

"ಬಣ್ಣದ್ದು ಬೇಡ ಮುನಿಶಾಮಪ್ಪ. ಬಣ್ಣ ಕಣ್ಣಿನ ನರಾನ ತಿಂದ್ಹಾಕುತ್ತೆ. ಕಪ್ಪು ಬಿಳುಪಿನಲ್ಲಿ ಒಂದು ಗಾಂಭೀರ್ಯ ಇದೆ ನೋಡಿ."

"ಮಾವನ ಶರ್ಟು ಗುಲಾಬಿ ಬಣ್ಣದ್ದು ಮೇಷ್ಟ್ರೇ" ಎಂದ ಚನ್ನಕೇಶವ. "ಕಪ್ಪು ಬಿಳುಪಲ್ಲಿ ಅದು ಬೂದಿ ಬಳ್ಕಂಡಂಗೆ ಕಾಣ್ತದೆ."

ಅಲ್ಲಿಗೆ ಬಣ್ಣದ್ದೆಂದು ತೀರ್ಮಾನವಾಯಿತು.

ಬಸ್‌ಸ್ಟ್ಯಾಂಡಿನ ಬಳಿಯ ಟೀವಿ ಅಂಗಡಿಯವನು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಸಲೀಸಾಗಿ ಸುಳ್ಳು ಹೇಳಬಲ್ಲವನು. ಸಾಲಾಗಿ ಇಟ್ಟಿದ್ದ ಟೀವಿಗಳ ಮುಂದೆ ಮೂವರನ್ನೂ ಸ್ಟೂಲಿನ ಮೇಲೆ ಕೂರಿಸಿದ. ಚನ್ನಕೇಶವ ಎಲ್ಲದರ ಗುಂಡಿಯನ್ನೂ ಒಂದು ಸುತ್ತು ತಿರುಗಿಸಿದ. ಮೇಷ್ಟ್ರು ಒಂದೊಂದನ್ನೇ ಎತ್ತಿ ತೂಕ ನೋಡಿ, ಸೊಂಟ ಹಿಡಿದುಕೊಂಡು, "ಭಾರ ಇದ್ದಷ್ಟೂ ಒಳಗೆ ಸಾಮಾನು ಜಾಸ್ತಿ" ಎಂದರು. ಕಡೆಗೆ ಅವರು ಮೆಚ್ಚಿದ್ದು ದೇವರ ಮಂಟಪದ ಹಾಗೆ ಮರದ ಬಾಗಿಲಿದ್ದ ಒಂದನ್ನು. ಅದನ್ನು ಎತ್ತಲು ಅವರಿಂದ ಆಗಲಿಲ್ಲವಾದ್ದರಿಂದ ಅದೇ ಉತ್ತಮವೆಂದಾಯಿತು.

ವಿಸಿಆರ್ ಹೊರಗೆ ಇಟ್ಟಿರಲಿಲ್ಲ. ಅಂಗಡಿಯವನು ಪರದೆ ಸರಿಸಿ, ಮೂವರನ್ನೂ ಒಳಕೋಣೆಗೆ ಕರೆದೊಯ್ದು, "ಸಿಂಗಪೂರ್ ಮಾಲು ಅಣ್ಣಾ" ಎಂದು ಗುಟ್ಟಾಗಿ ಹೇಳಿದ. ಸಣ್ಣ ಕ್ಯಾಸೆಟ್ಟಿನದೊಂದು, ದೊಡ್ಡ ಕ್ಯಾಸೆಟ್ಟಿನದೊಂದು. ಸಣ್ಣದರಲ್ಲಿ ಚಿತ್ರ ಸ್ವಚ್ಛ ಎಂದರು ಮೇಷ್ಟ್ರು. ಸಣ್ಣದು ಇನ್ನೆರಡು ವರ್ಷಕ್ಕೆ ಹೇಳಹೆಸರಿಲ್ಲದೆ ಹೋಗುತ್ತದೆ ಎಂದ ಚನ್ನಕೇಶವ. ಇಬ್ಬರೂ ಹುಟ್ಟಿನಿಂದ ಅಂಥ ಯಂತ್ರವನ್ನು ಮುಟ್ಟಿದವರಲ್ಲ. ವಾದ ಮಧ್ಯಾಹ್ನದ ಊಟದವರೆಗೂ ನಡೆಯಿತು, ಊಟದಲ್ಲಿ ನಡೆಯಿತು, ಊಟವಾದ ಮೇಲೂ ನಡೆಯಿತು. ಊಟ ಹಾಕಿಸಿದವನು ಮುನಿಶಾಮಪ್ಪ.

"ದೊಡ್ದೇ ಕೊಡಪ್ಪ. ನಾನೇನು ಸಣ್ಣ ಆಳಾ?" ಎಂದ ಕೊನೆಗೆ.

ದುಡ್ಡು ಕೊಟ್ಟು, ಡಬ್ಬಿಗೆ ಹಗ್ಗ ಬಿಗಿಯುತ್ತಿದ್ದಾಗ ಚನ್ನಕೇಶವ ಸುಮ್ಮನೆ ಕೇಳಿದ: "ರೆಕಾರ್ಡ್ ಮಾಡೋ ಗುಂಡಿ ಯಾವ್ದು?"

ಗುಂಡಿ ಇರಲಿಲ್ಲ. ಅದು ಕ್ಯಾಸೆಟ್ ಹಾಕಿ ನೋಡುವ ಯಂತ್ರವೇ ಹೊರತು ತುಂಬಿಕೊಳ್ಳುವ ಯಂತ್ರವಲ್ಲ.

"ರೆಕಾರ್ಡಿಂಗ್ ವೇಣುಮಾ? ಅದು ಬೇರೆ ಡಬ್ಬ ಅಣ್ಣಾ. ಮೊದ್ಲೇ ಹೇಳ್ಬಾರ್ದಾ?" ಎಂದು ಅಂಗಡಿಯವನು ತಾನೇ ನೊಂದುಕೊಂಡ. ಬೇರೆ ಡಬ್ಬದ ಬೆಲೆಯೂ ಬೇರೆ, ಅದರ ಮೇಲೆ ಖಾಲಿ ಕ್ಯಾಸೆಟ್ಟು, ಆಂಟೆನಾ. ಮೋಟರಿನ ದುಡ್ಡು ಪೂರ್ತಿ ಹೋಗಿ, ಮುನಿಶಾಮಪ್ಪನ ಕೈಗಡಿಯಾರವೂ ಅಂಗಡಿಯವನ ಮೇಜಿನೊಳಗೆ ಸೇರಿತು. ಆಮೇಲೆ ಅವನು ದಾರಿಯುದ್ದಕ್ಕೂ ಕಂಡವರನ್ನೆಲ್ಲ ಗಂಟೆ ಎಷ್ಟೆಂದು ಕೇಳುತ್ತ ಬಂದ.

ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲ. ಖಾಲಿ ಟೊಮ್ಯಾಟೊ ಪೆಟ್ಟಿಗೆ ಹೊತ್ತು ವಾಪಸಾಗುತ್ತಿದ್ದ ಟೆಂಪೋ ಒಂದು ಸಿಕ್ಕಿತು. ಹೊಸ ಮದುವಣಗಿತ್ತಿಯನ್ನು ತಬ್ಬಿಕೊಂಡ ಹಾಗೆ ಮುನಿಶಾಮಪ್ಪ ಟೀವಿಯನ್ನು ತಬ್ಬಿ ಕೂತ. ಹೊರಗೆ ಚಾಚಿದ್ದ ಆಂಟೆನಾ ಸೈಕಲ್ಲಿನವನೊಬ್ಬನ ರುಮಾಲು ಹಾರಿಸಿಕೊಂಡು ಬಂತು. ಮೇಷ್ಟ್ರೂ ಹತ್ತಿಕೊಂಡಿದ್ದರು. ಬನ್ನಿ ಎಂದು ಕರೆದವರಿಲ್ಲ.

ಊರು ಸೇರಿದಾಗ ಐದೂ ಕಾಲು. ಎತ್ತರದ ಮಾಳಿಗೆ ಇದ್ದದ್ದು ಪಕ್ಕದ ಮುದುಕಿ ಅಕ್ಕಯಮ್ಮನ ಮನೆಗೆ ಮಾತ್ರ. ಆಂಟೆನಾ ಅಲ್ಲೇ ನಿಲ್ಲಿಸಬೇಕು.

"ನಮ್ಮನೆ ಮ್ಯಾಕೆ ಸಿಡ್ಲು ಕರ್ಕಂಡ್ ಬಂದಿದೀಯೇನ್ಲಾ ಮುನಿಶಾಮ?"

"ಸಿಡ್ಲಲ್ಲ ಅಕ್ಕಯ್ಯ, ನಾನೇ ಬತ್ತೀನಿ ಅದ್ರಾಗೆ."

"ಯಾವ್ದಾದ್ರೂ ಒಂದೇ" ಎಂದವಳು ತನಗೆ ಟೀವಿ ಮುಂದೆಯೇ ಮಣೆ ಹಾಕಬೇಕೆಂಬ ಕರಾರಿನ ಮೇಲೆ ಒಪ್ಪಿದಳು.

ಆಂಟೆನಾವನ್ನು ಬೆಂಗಳೂರಿಗೆ ತಿರುಗಿಸಬೇಕಿತ್ತು. ಬೆಂಗಳೂರು ಯಾವ ಕಡೆ? ದಿನ ಬೆಳಗಾದರೆ ಅಲ್ಲಿಗೆ ತರಕಾರಿ ಹೊರುವ ಐದು ಜನ ಐದು ದಿಕ್ಕಿಗೆ ಬೆರಳು ತೋರಿಸಿದರು. ಮೇಷ್ಟ್ರು ಅಂಗಳದಲ್ಲಿ ನಿಂತು ಸೂರ್ಯನನ್ನು ನೋಡಿ ಆರನೆಯ ದಿಕ್ಕು ಹೇಳಿದರು. ಚನ್ನಕೇಶವ ಎಲ್ಲ ದಿಕ್ಕಿಗೂ ತಿರುಗಿಸಿದ. ಟೀವಿಯ ತುಂಬ ಹುರಿದಕ್ಕಿ ಸಿಡಿದ ಹಾಗೆ ಚುಕ್ಕೆ, ಬೋಂಡಾ ಕರಿಯುವ ಸದ್ದು. ಮುನಿಶಾಮಪ್ಪ ಗಂಟೆ ಕೇಳಿ ಕೇಳಿ ಬೆವೆತ. ಆರೂ ಇಪ್ಪತ್ತಕ್ಕೆ ಅಕ್ಕಯಮ್ಮ ಒಣಗಿದ ಸೀರೆ ಎತ್ತಲು ಮಾಳಿಗೆ ಹತ್ತಿ, ಆಂಟೆನಾದ ಕಂಬಕ್ಕೆ ಸಿಕ್ಕಿಕೊಂಡಿದ್ದ ಸೆರಗನ್ನು ಬೈಯುತ್ತ ಎಳೆದಳು. ಕಂಬ ವಾಲಿತು, ಚಿತ್ರ ಬಂತು.

"ಅಲುಗಾಡಿಸ್ಬೇಡ ಅಕ್ಕಯ್ಯ, ಅಂಗೇ ಬುಟ್‌ಬುಡು" ಎಂದು ಕೆಳಗಿನಿಂದ ನಲವತ್ತು ಜನ ಬೇಡಿಕೊಂಡರು.

ಆರೂವರೆಗೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋವಿಂದಮ್ಮ ಅಷ್ಟು ಮಂದಿಗೆ ಕಾಫಿ ಕಾಯಿಸುತ್ತ ಒಲೆಯ ಮುಂದಿದ್ದಳು. ಚನ್ನಕೇಶವ ಎರಡು ಗುಂಡಿ ಒಟ್ಟಿಗೆ ಒತ್ತಿದ. ಕೆಂಪು ದೀಪ ಹತ್ತಿತು. ಮುನಿಶಾಮಪ್ಪ ಅದೇ ಗುಲಾಬಿ ಶರ್ಟು ತೊಟ್ಟು, ಟೀವಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಜನರ ಕಡೆ ಮುಖ ಮಾಡಿ ಕೂತ. ಅಲ್ಲಿಯವನನ್ನೂ ಇಲ್ಲಿಯವನನ್ನೂ ಜನ ಒಟ್ಟಿಗೆ ನೋಡಲಿ ಎಂಬುದು ಅವನ ಆಸೆ. ಹಾಗಾಗಿ ಅವನಿಗೆ ಟೀವಿ ಕಾಣುತ್ತಿರಲಿಲ್ಲ, ಬರೀ ಕೇಳುತ್ತಿತ್ತು.

"ಬಂದ ಬಂದ" ಎಂಬ ಗುಜುಗುಜು ಎದ್ದಿತು. ಮುನಿಶಾಮಪ್ಪ ಮುಖವನ್ನು ಎಡಕ್ಕೆ ತಿರುಗಿಸಿ, ಮೀಸೆಯ ಮೇಲೆ ಕೈಯಾಡಿಸಿದ. ಆಗ ಕನ್ನಡಕದ ಹೆಂಗಸಿನ ದನಿ ಕೇಳಿತು:

"ರೈತ ಬಾಂಧವರೇ, ಬೆಳೆಗೆ ಕೀಟನಾಶಕ ಸಿಂಪಡಿಸುವಾಗ ಮಾಡಬಾರದ ತಪ್ಪುಗಳು ಯಾವುವು ಎಂಬುದನ್ನು ಇಂದು ನೋಡೋಣ. ಈ ರೈತರನ್ನು ಗಮನಿಸಿ. ಔಷಧಿಯನ್ನು ಬರಿಗೈಯಿಂದ ಕಲಸುತ್ತಿದ್ದಾರೆ. ಇದು ಮೊದಲನೆಯ ತಪ್ಪು."

ಮುನಿಶಾಮಪ್ಪ ಕುರ್ಚಿಯಿಂದಲೇ ಬಗ್ಗಿ ಟೀವಿಯನ್ನು ನೋಡಿದ. ಅದರೊಳಗಿನ ಮುನಿಶಾಮಪ್ಪ ಮೊಣಕೈವರೆಗೆ ಡ್ರಮ್ಮಿನಲ್ಲಿ ಕೈ ಅದ್ದಿ, ಹಲ್ಲು ಬಿಟ್ಟು ನಗುತ್ತಿದ್ದ. ಬಾಯಲ್ಲಿ ಬೀಡಿ ಕಚ್ಚಿದ್ದು ಎರಡನೆಯ ತಪ್ಪು. ಕಟ್ಟಿಕೊಂಡ ನಳಿಕೆಯನ್ನು ಬಾಯಿಟ್ಟು ಊದಿದ್ದು ಮೂರನೆಯದು. ಗಾಳಿಗೆ ಎದುರಾಗಿ ಹೊಡೆದು ಅರ್ಧ ಔಷಧಿಯನ್ನು ರೇಷ್ಮೆ ಶರ್ಟಿಗೆ ಕುಡಿಸಿದ್ದು ನಾಲ್ಕನೆಯದು. ಕ್ಯಾನನ್ನು ಕುಡಿಯುವ ನೀರಿನ ತೊಟ್ಟಿಯಲ್ಲಿ ತೊಳೆದದ್ದು ಐದು. ಕೈ ತೊಳೆಯದೆ ಮುದ್ದೆ ಮುರಿದದ್ದು ಆರು. ಕೊನೆಯಲ್ಲಿ ಆಕೆ ಬಹಳ ಮರ್ಯಾದೆಯಿಂದ, "ಇಷ್ಟೂ ತಪ್ಪುಗಳನ್ನು ಒಬ್ಬರೇ ಮಾಡಿ ತೋರಿಸಿದ ಶ್ರೀ ಮುನಿಶಾಮಪ್ಪನವರಿಗೆ ವಂದನೆಗಳು" ಎಂದಳು.

ಹಜಾರದವರೆಲ್ಲ ಟೀವಿಯಿಂದ ಕುರ್ಚಿಯ ಕಡೆಗೆ ಕತ್ತು ತಿರುಗಿಸಿದರು.

"ಅಲ್ಲ ಕಣ್ಲಾ ಮುನಿಶಾಮ" ಎಂದಳು ಅಕ್ಕಯಮ್ಮ ಮಣೆಯ ಮೇಲಿಂದ, "ಒಂದಾದ್ರೂ ಸರಿಯಾಗಿ ಮಾಡ್ಬಾರ್ದಾಗಿತ್ತಾ?"

ಆಮೇಲೆ ಎದ್ದ ನಗೆಗೆ ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಮುನಿಶಾಮಪ್ಪ ಅಳಿಯನ ತೋಳು ಹಿಡಿದು ಮೂಲೆಗೆ ಎಳೆದ.

"ರೆಕಾರ್ಡ್ ಆಗಿಲ್ಲ ತಾನೆ?"

"ಏನ್ ಮಾವ ಹಂಗಂತೀಯಾ. ಒಂದ್ ಗೆರೆ ಅಲುಗಾಡಿಲ್ಲ, ಹಂಗೆ ಬಂದೈತೆ."

ಬೆಳಗಿನಿಂದ ಆ ದಿನ ಸರಿಯಾಗಿ ನಡೆದದ್ದು ಅದೊಂದೇ.

"ಅಳಿಸ್ಲಾ ಅದನ್ನ. ಅದ್ರ ಮ್ಯಾಕೆ ಏನಾರಾ ತುಂಬು. ವಾರ್ತೆ ತುಂಬು."

"ಅದಾಗಕ್ಕಿಲ್ಲ ಮಾವ" ಎಂದ ಚನ್ನಕೇಶವ. "ಯಾರಾದ್ರೂ ಗೊತ್ತಿಲ್ದೆ ಅಳಿಸ್‌ಬುಟ್ಟಾರು ಅಂತ ಆಗ್ಲೇ ಈಚೆ ತೆಗ್ದು, ಕ್ಯಾಸೆಟ್ಟಿನ ಅಂಚಾಗಿನ ಬಿಲ್ಲೆ ಮುರ್ದಾಕಿದೀನಿ. ಬಿಲ್ಲೆ ಹೋದ್ಮೇಲೆ ಯಾರ ಕೈಲೂ ಆಗಕ್ಕಿಲ್ಲ. ಅಂಗಡಿಯೋನೇ ಹೇಳ್ಕೊಟ್ಟ."

"ಮುಂದಾಲೋಚನೆ ಇರೋ ಹುಡುಗ" ಎಂದು ಮೇಷ್ಟ್ರು ತಲೆದೂಗಿದರು.

ಕ್ಯಾಸೆಟ್ಟನ್ನು ಬಾವಿಗೆ ಎಸೆಯುವುದೊಂದೇ ಉಳಿದಿತ್ತು. ಮುನಿಶಾಮಪ್ಪ ಜನರನ್ನು ತುಳಿದುಕೊಂಡು ಟೀವಿಯ ಬಳಿಗೆ ಬಂದ. ಯಂತ್ರದ ಮೇಲೆ ಕ್ಯಾಸೆಟ್ಟಿರಲಿಲ್ಲ. ಅದು ಗೋವಿಂದಮ್ಮನ ಕೈಯಲ್ಲಿತ್ತು. ಅವಳು ಒಲೆಯ ಮುಂದಿನಿಂದ ಎದ್ದು ಬಂದು, ಸೆರಗಿನಿಂದ ಅದನ್ನು ಒರೆಸಿ, ಗಂಡನ ಕೈಗೆ ಸಿಗದಂತೆ ಅವನ ತಲೆಯ ಮೇಲಿಂದ ಚಾಚಿದಳು.

"ಚನ್ನಕೇಶವ, ಇನ್ನೊಂದ್ ಸಾರಿ ಹಾಕಪ್ಪ. ನಾನು ಕಾಫಿ ಸೋಸ್ತಿದ್ದೆ, ಮೂರ್ನೇ ತಪ್ಪು ಸರಿಯಾಗಿ ಕಾಣ್ನಿಲ್ಲ."