ನನ್ನ ಹೆಬ್ಬೆರಳಿಗೆ ಆದ ಅನ್ಯಾಯ

ಹೆಬ್ಬೆರಳು ದಪ್ಪಗಿರುವುದು ಅಪರಾಧವೇ? ನೀವೇ ಹೇಳಿ. ಮೂವತ್ತೊಂದು ವರ್ಷದಿಂದ ಚೊಲೂಲಾದ ಬೇಕರಿಯಲ್ಲಿ ಹಿಟ್ಟು ನಾದುತ್ತಿರುವ ಹೆಬ್ಬೆರಳು ಇದು. ಈ ಊರಿನವರು ಬೆಳಿಗ್ಗೆ ಕಾಫಿಗೆ ಅದ್ದಿ ತಿನ್ನುವ ಸಿಹಿ ಬನ್ನು ಮೆತ್ತಗೆ ಉಬ್ಬುವುದು ಇದರ ಕೃಪೆಯಿಂದ. ಇಂಥ ಬೆರಳನ್ನು ನನ್ನ ಹೆಂಡತಿಯ ಅಣ್ಣ ಫೆರ್ಮಿನ್, ತುಂಬಿದ ಮನೆಯಲ್ಲಿ, ಎಲ್ಲರ ಎದುರಿಗೆ, ಆಲೂಗಡ್ಡೆ ಎಂದು ಕರೆದ. ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ. ನನ್ನ ಹೆಂಡತಿ ಗ್ರಾಸಿಯೆಲಾ ಮಾತ್ರ, ಆಲೂಗಡ್ಡೆಯಾಗಿದ್ದರೆ ಬೇಯಿಸಿಯಾದರೂ ತಿನ್ನಬಹುದಿತ್ತು ಎಂದು ಒಂದು ತಿದ್ದುಪಡಿ ಸೂಚಿಸಿದಳು.

ಭಾನುವಾರ ಎಂದರೆ ನಮಗೆಲ್ಲ ನನ್ನ ಅತ್ತೆ ದೋನ್ಯಾ ಓತೀಲಿಯಾ ಅವರ ಮನೆಯಲ್ಲಿ ಊಟ. ಒಣಮೆಣಸಿನಕಾಯಿ, ಎಳ್ಳು, ಚಾಕೊಲೇಟು ಎಲ್ಲ ಅರೆದು ಅವರು ಕಪ್ಪು ಗೊಜ್ಜು ಮಾಡುತ್ತಾರೆ. ರುಚಿಯ ಬಗ್ಗೆ ನಾನು ಎರಡು ಮಾತಾಡುವುದಿಲ್ಲ. ಆದರೆ ಆ ಗೊಜ್ಜು ಮಣ್ಣಿನ ಮಡಕೆಯ ತಳಕ್ಕೆ ಅಂಟಿ ಕೂರುವ ಪರಿ ಇದೆಯಲ್ಲ, ಮದುವೆಯಾಗಿ ಮೂವತ್ತು ವರ್ಷದಲ್ಲಿ ಗ್ರಾಸಿಯೆಲಾ ಕೂಡ ನನ್ನನ್ನು ಹಾಗೆ ಅಂಟಿಕೊಂಡಿಲ್ಲ. ಆ ಮಡಕೆ, ಜೊತೆಗೆ ಹದಿನೇಳು ಜನರ ತಟ್ಟೆ ಲೋಟ. ಮೊದಲೆಲ್ಲ ಹೆಂಗಸರು ತೊಳೆಯುತ್ತಿದ್ದರು. ಒಂದು ದಿನ ಅವರು ಬಂಡಾಯವೆದ್ದರು. ಆಗ ಅತ್ತೆಯವರು ನ್ಯಾಯಪೀಠದಲ್ಲಿ (ಅಂದರೆ ತೂಗುಕುರ್ಚಿಯಲ್ಲಿ) ಕೂತು ಒಂದು ಕಾನೂನು ಮಾಡಿದರು.

ಕಾನೂನು ಇಷ್ಟೇ. ಊಟವಾದ ಮೇಲೆ ಅತ್ತೆಯವರೂ ಸೇರಿ ಎಂಟು ಜನ ಎಂಟು ಫೋನು ಹಿಡಿದು ಆಡಬೇಕು. ಎಲ್ಲರೂ ಪ್ಯಾರಾಚೂಟಿನಲ್ಲಿ ಒಂದು ದ್ವೀಪಕ್ಕೆ ಇಳಿಯುವುದು, ಬಂದೂಕು ಹುಡುಕಿಕೊಳ್ಳುವುದು, ಒಬ್ಬರನ್ನೊಬ್ಬರು ಕೊಲ್ಲುವುದು. ಕೊನೆಗೆ ಉಳಿದವರು ಗೆದ್ದಂತೆ. ಮೊಟ್ಟಮೊದಲು ಸತ್ತವರು ಪಾತ್ರೆ ತೊಳೆಯಬೇಕು. ಬೇರೆಯವರು ಒಂದು ಚಮಚಕ್ಕೂ ಕೈ ಹಚ್ಚುವಂತಿಲ್ಲ. ಒಮ್ಮೆ ಗ್ರಾಸಿಯೆಲಾ ನನ್ನ ಮೇಲೆ ಕನಿಕರಪಟ್ಟು ಒರೆಸುವ ಬಟ್ಟೆ ಹಿಡಿದು ಬಂದಳು. (ಮೂವತ್ತು ವರ್ಷಕ್ಕೆ ಒಂದು ಸಲ.) ಅತ್ತೆಯವರು ಕುರ್ಚಿಯಿಂದಲೇ ತಡೆದರು.

"ಬಿಡು ಮಗಳೇ. ಸತ್ತಿರೋದು ಅವನು, ನೀನಲ್ಲ."

ಸತತ ಹನ್ನೊಂದು ಭಾನುವಾರ ಸತ್ತಿದ್ದು ನಾನೇ. ನಾಲ್ಕು ನಿಮಿಷ ದಾಟಿ ಬದುಕಿದ ದಾಖಲೆಯಿಲ್ಲ. ಕಾರಣ ಸ್ಪಷ್ಟ. ಆ ಆಟದಲ್ಲಿ ಎಡ ಹೆಬ್ಬೆರಳಿನಿಂದ ಓಡಬೇಕು, ಬಲ ಹೆಬ್ಬೆರಳಿನಿಂದ ಗುರಿ ಹಿಡಿಯಬೇಕು, ಆಮೇಲೆ ಅದೇ ಬೆರಳನ್ನು ಎತ್ತಿ ತೆರೆಯ ಮೇಲಿನ ಗುಂಡಿನ ಗುರುತನ್ನು ಒತ್ತಬೇಕು. ನಾನು ಬೆರಳು ಎತ್ತುವಷ್ಟರಲ್ಲಿ ಹೆಣವಾಗಿರುತ್ತೇನೆ. ಎತ್ತದಿದ್ದರೆ ಬೆರಳಿನ ಮರೆಯಲ್ಲಿ ಅರ್ಧ ದ್ವೀಪವೇ ಕಾಣುವುದಿಲ್ಲ. ಒಂದು ಸಲ ಫೆರ್ಮಿನ್ ನನ್ನ ಹೆಬ್ಬೆರಳಿನ ಅಡಿಯಲ್ಲೇ ನಿಂತು ನನ್ನನ್ನು ಕೊಂದ. ನಾನು ಇದನ್ನೆಲ್ಲ ವಿವರಿಸಲು ಹೋದರೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಭಾವ," ಎಂದು ನಕ್ಕ.

ಬುಧವಾರದ ಸಂತೆಯಲ್ಲಿ ಬೆಣ್ಣೆಹಣ್ಣಿನ ರಾಶಿಯ ಪಕ್ಕ ಫೋನಿನ ಸಾಮಾನು ಮಾರುವ ಒಬ್ಬ ಹುಡುಗಿ ಕೂರುತ್ತಾಳೆ. ನಾನು ಕೇಳಿದ್ದು ಫೋನಿಗೆ ಹೊಸ ಗಾಜು. ಅವಳು ನನ್ನ ಹೆಬ್ಬೆರಳು ನೋಡಿದಳು, ಗಾಜು ನೋಡಿದಳು, ತಪ್ಪು ಯಾರದೆಂದು ತಕ್ಷಣ ಅರ್ಥಮಾಡಿಕೊಂಡಳು. ಅವಳು ತೆಗೆದುಕೊಟ್ಟ ವಸ್ತುವಿಗೆ ಗ್ರಿಪ್ ಎನ್ನುತ್ತಾರೆ. ಫೋನನ್ನು ಎರಡೂ ಕಡೆಯಿಂದ ತಬ್ಬಿಕೊಳ್ಳುವ ಹಿಡಿ, ತುಂಬು ಕೈಗೆ ತುಂಬು ಹಿಡಿ. ಅದರ ನೆತ್ತಿಯ ಮೇಲೆ ಎರಡು ಟ್ರಿಗರ್, ನಿಜವಾದ ಬಂದೂಕಿನ ಕುದುರೆಯಂತೆ. ತೋರುಬೆರಳಿನಿಂದ ಎಳೆದರೆ ಒಂದು ಪುಟ್ಟ ಕಾಲು ಬಂದು ಗುಂಡಿನ ಗುರುತನ್ನು ಮುಟ್ಟುತ್ತದೆ. ಹೆಬ್ಬೆರಳು ತನ್ನ ಪಾಡಿಗೆ ಓಡಿಕೊಂಡಿರಬಹುದು. ನನಗೆ ಕಣ್ಣು ತುಂಬಿ ಬಂತು. ನನ್ನ ಬೆರಳನ್ನು ಅವಮಾನಿಸದೆ ಅದಕ್ಕೊಂದು ದಾರಿ ತೋರಿಸಿದ ಮೊದಲ ಮನುಷ್ಯಳು ಅವಳು.

ಇದು ಮೋಸ ಎನ್ನುತ್ತೀರಾ? ನನ್ನ ಕನ್ನಡಕ ಮೋಸವೇ? ಅತ್ತೆಯವರ ಕಟ್ಟುಹಲ್ಲು ಮೋಸವೇ? ಆದರೂ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. (ಹೇಳದಿರುವುದಕ್ಕೂ ಸುಳ್ಳು ಹೇಳುವುದಕ್ಕೂ ಅಂತರವಿದೆ. ಎಷ್ಟು ಅಂತ ಕೇಳಬೇಡಿ.)

ಬೇಕರಿಯಲ್ಲಿ ಮೈದಾ ಮೂಟೆಗಳ ಹಿಂದೆ ಕೂತು ಮೂರು ದಿನ ಶಸ್ತ್ರಾಭ್ಯಾಸ ಮಾಡಿದೆ. ಟ್ರಿಗರಿಗೆ ಒಂದೇ ದುರ್ಗುಣ. ಅದರ ಕಾಲು ಎಲ್ಲಿ ಬೀಳುತ್ತದೋ ಅಲ್ಲಿ ಏನಿದ್ದರೂ ಒತ್ತುತ್ತದೆ, ಗುಂಡೇ ಆಗಬೇಕೆಂದಿಲ್ಲ. ಶುಕ್ರವಾರ ನಾನು ರಣಾವೇಶದಲ್ಲಿದ್ದಾಗ ಗ್ರಾಸಿಯೆಲಾಳ ಕರೆ ಬಂತು. ಕರೆ ತೆಗೆದುಕೊಳ್ಳುವ ಗುರುತು ಸರಿಯಾಗಿ ಟ್ರಿಗರಿನ ಕಾಲ ಕೆಳಗೇ ಮೂಡಿತು. ಟ್ರಿಗರ್ ಒತ್ತಿತು. ಆ ಕಡೆಯಿಂದ ಅವಳು ಕೇಳಿಸಿಕೊಂಡದ್ದು, "ಸಾಯಿ ಫೆರ್ಮಿನ್, ಸಾಯಿ," ಎಂಬ ನನ್ನ ದನಿ. ಜಿರಲೆ ಹೊಡೆಯುತ್ತಿದ್ದೆ ಎಂದೆ.

"ಜಿರಲೆಗೂ ನನ್ನ ಅಣ್ಣನ ಹೆಸರಾ?" ಎಂದು ಫೋನಿಟ್ಟಳು.

ಭಾನುವಾರ ಬಂತು. ಯಾರೂ ಯಾರ ಫೋನನ್ನೂ ಇಣುಕಬಾರದೆಂದು ಆಟದ ಹೊತ್ತಿಗೆ ಎಲ್ಲರೂ ದೂರ ದೂರ ಕೂರುವುದು ಪದ್ಧತಿ. ಅತ್ತೆಯವರು ಅಂಗಳದ ತೂಗುಕುರ್ಚಿಯಲ್ಲಿ, ಫೆರ್ಮಿನ್ ತನ್ನ ಕಾರಿನೊಳಗೆ, ಗ್ರಾಸಿಯೆಲಾ ಮೆಟ್ಟಿಲ ಮೇಲೆ. ನಾನು ಮಹಡಿ ಹತ್ತಿ, ಒಗೆದ ಬಟ್ಟೆಗಳ ಸಾಲು ದಾಟಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಗ್ರಿಪ್ ತೊಡಿಸಿದೆ.

ದ್ವೀಪಕ್ಕೆ ಇಳಿದೆ. ಒಂದು ಕೊಟ್ಟಿಗೆಯ ಹಿಂದೆ ಯಾರೋ ಬಗ್ಗಿ ಚೀಲ ಎತ್ತಿಕೊಳ್ಳುತ್ತಿದ್ದರು. ಮೊದಲಿನ ನಾನಾಗಿದ್ದರೆ ಬೆರಳು ಎತ್ತಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಈಗ ತೋರುಬೆರಳಿಗೆ ಯೋಚನೆಯ ಅಭ್ಯಾಸವೇ ಇಲ್ಲ. ಎಳೆದೆ. ಧಡ್ ಎಂದು ಬಿದ್ದರು. ಆಟದ ಮೊದಲ ಹೆಣ. ನನ್ನ ಜೀವನದಲ್ಲೂ ಮೊದಲನೆಯದು. ತೆರೆಯ ಮೇಲೆ ನನ್ನ ಹೆಸರು ಸಮೇತ ಅಕ್ಷರ ಮೂಡಿತು: ಹೆರಿಬೆರ್ತೊ ಕೊಂದದ್ದು ದೋನ್ಯಾ ಓತೀಲಿಯಾರನ್ನು.

ಒಂದು ಕ್ಷಣ ಎದೆ ಧಸಕ್ಕೆಂದಿತು, ನಿಜ. ಆದರೆ ಆಟ ಎಂದ ಮೇಲೆ ಆಟ. ಹನ್ನೊಂದು ವಾರ ಇವರೆಲ್ಲ ಸೇರಿ ನನ್ನನ್ನು ಕೊಂದಾಗ ಯಾರ ಎದೆ ಧಸಕ್ಕೆಂದಿತ್ತು? ಆಮೇಲೆ ಸಿಕ್ಕವರನ್ನೆಲ್ಲ ಹೊಡೆದೆ. ಕೊನೆಗೆ ಫೆರ್ಮಿನ್ ಒಂದು ಮರದ ಹಿಂದೆ ಸಿಕ್ಕ. ಅವನನ್ನು ಕೊಂದ ಸಂತೋಷವನ್ನು ನಾನು ವರ್ಣಿಸುವುದಿಲ್ಲ, ಪಾದ್ರಿಗಳು ಓದಿದರೆ ಕಷ್ಟ. ದ್ವೀಪದಲ್ಲಿ ನಾನೊಬ್ಬನೇ ಉಳಿದೆ. ಗ್ರಿಪ್ಪನ್ನು ಟ್ಯಾಂಕಿನ ಹಿಂದೆ ಬಚ್ಚಿಟ್ಟು, ಬರಿಯ ಫೋನು ಹಿಡಿದು, ಮೆಟ್ಟಿಲಿಳಿದು ಬಂದೆ, ದಿಗ್ವಿಜಯ ಮುಗಿಸಿ ರಾಜಧಾನಿಗೆ ಬಂದವನಂತೆ.

ರಾಜಧಾನಿಯಲ್ಲಿ ಒಂದು ಚಪ್ಪಾಳೆಯಿಲ್ಲ. ಎಲ್ಲರೂ ಅಡುಗೆಮನೆಯ ಬಾಗಿಲಲ್ಲಿ ಸಾವಿನ ಮನೆಯವರಂತೆ ನಿಂತಿದ್ದಾರೆ. ಒಳಗೆ ಎಪ್ಪತ್ತನಾಲ್ಕು ವರ್ಷದ ಅತ್ತೆಯವರು ಉಂಗುರ ಬಿಚ್ಚಿ ಕಿಟಕಿಯಲ್ಲಿಟ್ಟು, ತೋಳು ಮಡಿಸಿ, ಮಡಕೆಗೆ ನೀರು ಬಿಡುತ್ತಿದ್ದಾರೆ. ನಾನು ತೊಳೆಯುತ್ತೇನೆ ಬಿಡಿ ಎಂದು ಹೋದೆ. ಕಾನೂನು ಎಂದರೆ ಕಾನೂನು, ನಿನಗೊಂದು ನನಗೊಂದು ಇಲ್ಲ ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಗ್ರಾಸಿಯೆಲಾ ನನ್ನ ತೋಳು ಜಿಗುಟಿ ಹಿಂದಕ್ಕೆ ಎಳೆದಳು. ಫೆರ್ಮಿನ್ ಹಲ್ಲು ಕಡಿಯುತ್ತಾ, ಬಗ್ಗಿದ್ದ ಮುದುಕಿಯ ಬೆನ್ನಿಗೆ ಹೊಡೆದಿದ್ದಾನೆ ಮಹಾಶೂರ ಎಂದ.

"ಅಮ್ಮಂಗೆ ಯಾರೂ ಗುಂಡು ಹೊಡಿಯಲ್ಲ," ಎಂದು ಗ್ರಾಸಿಯೆಲಾ ಪಿಸುಗುಟ್ಟಿದಳು. "ಎದುರಿಗೆ ಬಂದ್ರೂ ಪಕ್ಕಕ್ಕೆ ಹೋಗ್ತೀವಿ. ಅಷ್ಟೂ ಗೊತ್ತಿಲ್ವಾ ನಿಂಗೆ?"

ನನಗೆ ರೇಗಿತು. ರೇಗದೆ ಇರುತ್ತದೆಯೇ? "ಹೆಂಗೆ ಗೊತ್ತಾಗ್ಬೇಕು? ಅದು ಗೊತ್ತಾಗೋವಷ್ಟು ಹೊತ್ತು ನನ್ನನ್ನ ಬದುಕೋಕೆ ಬಿಟ್ಟಿದ್ದೀರಾ ನೀವು? ಅವರನ್ನ ಬಿಟ್ಟು ಬಿಟ್ಟು ಆಡ್ತಾ ಇದ್ರಿ, ನನ್ನೊಬ್ಬನ್ನ ಮಾತ್ರ ಅಟ್ಟಿಸ್ಕೊಂಡು ಬಂದು ಕೊಲ್ತಾ ಇದ್ರಿ."

ನಾನು ಇದನ್ನು ಪಿಸುಗುಟ್ಟಲಿಲ್ಲ. ನಲ್ಲಿ ನಿಂತಿತು.

ಅತ್ತೆಯವರು ತಿರುಗಿದರು. ಮೊಣಕೈವರೆಗೂ ನೊರೆ. "ನೀವ್ಯಾರೂ ನಂಗೆ ಹೊಡೀತಿರ್ಲಿಲ್ವಾ ಫೆರ್ಮಿನ್?" ಎಂದು ಕೇಳಿದರು. ಫೆರ್ಮಿನ್ ತನ್ನ ಚಪ್ಪಲಿ ನೋಡಿಕೊಂಡ. ಅವರಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು. ಜಪಮಾಲೆಯ ಪ್ರಾರ್ಥನೆಗೆ ಬರುವ ಗೆಳತಿಯರ ಹತ್ತಿರವೆಲ್ಲ ಅವರು, ನನ್ನ ಮಕ್ಕಳಿಗೆ ನನ್ನನ್ನು ಹಿಡಿಯುವುದಕ್ಕೇ ಆಗುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದರು. ನನಗೆ ನನ್ನ ನಾಲಗೆಯನ್ನು ಕಿತ್ತು ಆ ಮಡಕೆಯಲ್ಲಿ ನೆನೆಹಾಕಬೇಕು ಅನ್ನಿಸಿತು.

ಅವರು ನಿಧಾನವಾಗಿ ನನ್ನ ಕಡೆ ನೋಡಿದರು. "ಮೂವತ್ತು ವರ್ಷದಿಂದ ಈ ಅಳಿಯ ಯಾತಕ್ಕೂ ಆಗದವನು ಅಂದ್ಕೊಂಡಿದ್ದೆ. ಈ ಮನೇಲಿ ನನ್ನ ಜೊತೆ ನೆಟ್ಟಗೆ ಆಡಿದ್ದು ಇವನೊಬ್ಬನೇ. ಸರಿಯಾದವನ ಕೈಲಿ ಸತ್ತಿದೀನಿ, ಸಂತೋಷವಾಗಿ ತೊಳೀತೀನಿ."

ಮತ್ತೆ ನಲ್ಲಿ ತಿರುಗಿಸಿದರು. ಇಂಥ ಒಂದು ಮಾತಿಗೆ ನಾನು ಮೂವತ್ತು ವರ್ಷ ಕಾದಿದ್ದೆ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಪಾತ್ರೆಯೂ ಇಲ್ಲ, ಮೇಲೆ ಮಾನ ಬೇರೆ. ಆದರೆ ಹಾಳಾದ ಕಣ್ಣು ಅವರ ಕೈ ಮೇಲೆ ಬಿತ್ತು. ಬೆರಳಿನ ಗಂಟು ಗಂಟೂ ಊದಿಕೊಂಡಿತ್ತು. ಬೆರಳು ಮಡಚಲಾಗದೆ ತಟ್ಟೆಯನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ತಣ್ಣೀರಿನಲ್ಲಿ ಉಜ್ಜುತ್ತಿದ್ದರು. ಆ ಕೈಯಲ್ಲೇ ಇವರು ಇಷ್ಟು ದಿನ ಆಡಿದ್ದಾರೆ, ನೋವೆಂದು ಒಂದು ದಿನ ಹೇಳಿಲ್ಲ. ನಾನಾದರೋ ಗಟ್ಟಿಮುಟ್ಟಾದ ಬೆರಳಿಟ್ಟುಕೊಂಡು ಊರೆಲ್ಲ ಅತ್ತಿದ್ದೇನೆ.

ಮಹಡಿಗೆ ಹೋಗಿ ಗ್ರಿಪ್ ತಂದು ಮೇಜಿನ ಮೇಲಿಟ್ಟೆ. ಇದರಿಂದ ಗೆದ್ದೆ, ನನ್ನಿಂದಲ್ಲ, ಪಾತ್ರೆ ನನ್ನದು ಎಂದೆ. ಪಾತ್ರೆ ತೊಳೆಯುವ ಭಾಗ್ಯಕ್ಕಾಗಿ ತಪ್ಪೊಪ್ಪಿಗೆ ಕೊಟ್ಟ ಗಂಡಸು ಈ ಸೀಮೆಯಲ್ಲಿ ಬೇರೆ ಯಾರಿದ್ದಾರೋ ಕಾಣೆ. "ಆಲೂಗಡ್ಡೆಗೆ ಊರುಗೋಲು," ಎಂದು ಫೆರ್ಮಿನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗ್ರಾಸಿಯೆಲಾ ಗ್ವಾದಲೂಪೆ ಮಾತೆಯ ಪಟದ ಕಡೆ ತಿರುಗಿ, ಇಂಥ ಗಂಡನನ್ನು ಕೊಟ್ಟ ಲೆಕ್ಕ ಕೇಳಿದಳು. ಅತ್ತೆಯವರು ಕೈ ಒರೆಸಿಕೊಂಡು, ಟ್ರಿಗರನ್ನು ತೋರುಬೆರಳಿನಿಂದ ಎರಡು ಸಲ ಎಳೆದು ನೋಡಿ, ಗ್ರಿಪ್ಪನ್ನು ಸೆರಗಿನಂಥ ಆ ದೊಡ್ಡ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹೊರಗೆ ಹೋದರು.

ನಾನು ಮಡಕೆಯ ತಳವನ್ನು ನಾರಿನಿಂದ ಕೆರೆಯುತ್ತಿದ್ದಾಗ ಅಂಗಳದಿಂದ ಕರೆ ಬಂತು. ಫೆರ್ಮಿನ್ ಗ್ರಿಪ್ಪನ್ನು ಅತ್ತೆಯವರ ಫೋನಿಗೆ ತಲೆಕೆಳಗಾಗಿ ತೊಡಿಸಿ ಕೂತಿದ್ದ. ನೊರೆಗೈಯಲ್ಲೇ ಹೋಗಿ ಸರಿಮಾಡಿಕೊಟ್ಟೆ. ಅತ್ತೆಯವರು ಆಟದೊಳಗಿನ ಒಂದು ಗೋಡೆಗೆ ಹತ್ತು ಗುಂಡು ಹೊಡೆದರು. ಮತ್ತೆ ಹತ್ತು. ಆಮೇಲೆ ಫೋನು ತೊಡೆಯ ಮೇಲಿಟ್ಟು ತಮ್ಮ ಬೆರಳುಗಳನ್ನೇ ನೋಡಿಕೊಂಡರು.

"ನೋಯ್ತಾ ಇಲ್ಲ," ಎಂದರು.

ಗ್ರಾಸಿಯೆಲಾ ಕಣ್ಣೊರೆಸಿಕೊಂಡಳು. ಆ ಭಾವುಕ ಗಳಿಗೆಯಲ್ಲಿ ನಾನು ಬಹಳ ಮೆತ್ತಗೆ, ಗ್ರಿಪ್ ವಾಪಸು ಯಾವಾಗ ಸಿಗುತ್ತದೆ ಎಂದು ಕೇಳಿದೆ. ಹೆಂಡತಿ ನನ್ನನ್ನು ಹೊಸದಾಗಿ ಕಂಡವಳಂತೆ ನೋಡಿದಳು.

"ನಿನ್ನ ಕೈಲಿದ್ರೆ ಅದು ಮೋಸ. ಅಮ್ಮನ ಕೈಲಿದ್ರೆ ಔಷಧಿ. ಇಷ್ಟೂ ತಿಳಿಯಲ್ವಾ?"

ಹಾಗಾದರೆ ನನಗೆ ಇನ್ನೊಂದು ಕೊಳ್ಳುತ್ತೇನೆ ಎಂದೆ. ಅತ್ತೆಯವರು ಕೂತಲ್ಲೇ ಕಾನೂನಿಗೆ ತಿದ್ದುಪಡಿ ತಂದರು: ಟ್ರಿಗರ್ ಎಪ್ಪತ್ತು ದಾಟಿದವರಿಗೆ ಮಾತ್ರ. ನನಗೀಗ ಐವತ್ತನಾಲ್ಕು. ಇನ್ನು ಹದಿನಾರು ವರ್ಷ ನಾನು ಬರಿಗೈ ಯೋಧ.

ಇಷ್ಟಕ್ಕೇ ನಿಂತಿದ್ದರೆ ನಾನು ನಿಮ್ಮ ಮುಂದೆ ಗೋಳು ತೋಡಿಕೊಳ್ಳುತ್ತಿರಲಿಲ್ಲ. ಹೆತ್ತ ಮಕ್ಕಳು ಈಗಲೂ ತಮಗೆ ಗುಂಡು ಹೊಡೆಯುವುದಿಲ್ಲ ಎಂದು ಅತ್ತೆಯವರಿಗೆ ಗೊತ್ತು. ಅವರ ಜೊತೆ ಆಡುವುದರಲ್ಲಿ ಏನು ಸ್ವಾರಸ್ಯ ಎನ್ನುತ್ತಾರೆ. ಮನೆಯಲ್ಲಿ ತಮಗೆ ಸರಿಸಮನಾದ ಶತ್ರು ನಾನೊಬ್ಬನೇ ಎಂದು ಪ್ರಾರ್ಥನೆಯ ಗೆಳತಿಯರಿಗೂ ಹೇಳಿದ್ದಾರಂತೆ. ಗೌರವವೇ ಸರಿ. ಹಾಗಾಗಿ ದ್ವೀಪಕ್ಕೆ ಇಳಿದ ಕೂಡಲೇ ಬೇರೆ ಯಾರನ್ನೂ ನೋಡದೆ ನೇರ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಆ ಗ್ರಿಪ್ಪನ್ನು ಫೋನಿಗೆ ಸರಿಯಾಗಿ ಕೂರಿಸುವ ವಿದ್ಯೆಯೋ, ನನ್ನೊಬ್ಬನನ್ನು ಬಿಟ್ಟು ಯಾರಿಗೂ ಬರುವುದಿಲ್ಲ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎನ್ನುತ್ತಾರೆ. ಇಲ್ಲಿ ಕುಲವೇ ಕೊಡಲಿಯನ್ನು ಸಾಣೆ ಹಿಡಿದು ಕೊಡಬೇಕಾಗಿದೆ.

ಮೊನ್ನೆ ಭಾನುವಾರವೂ ಅವರ ಕುರ್ಚಿಯ ಪಕ್ಕ ಮಂಡಿಯೂರಿ ಕೂತು ಕೂರಿಸಿಕೊಟ್ಟೆ. ಅವರು ಎಳೆದು ನೋಡಿ, "ಬಲಗಡೇದು ಒಂಚೂರು ಸಡಿಲ ಇದೆ ಮಗಾ, ಬಿಗಿ ಮಾಡು," ಎಂದರು. ಬಿಗಿ ಮಾಡಿದೆ. ನನ್ನ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ, ಕೆನ್ನೆ ತಟ್ಟಿದರು. "ದೇವರು ಕಾಪಾಡ್ಲಿ. ಹೋಗು, ಬೇಗ ಎಲ್ಲಾದ್ರೂ ಬಚ್ಚಿಟ್ಕೊ."

ಮೂರನೆಯ ನಿಮಿಷಕ್ಕೆ ನಾನು ಮಡಕೆಯ ಮುಂದಿದ್ದೆ.