ಉಣ್ಣೆ ತಕ್ಕಡಿಯಲ್ಲಿ ಯಜಮಾನರು

ಗಂಡ: ತಕ್ಕಡಿ ಕೆಟ್ಟಿದೆ ಕಣಯ್ಯ! ನಾನು ತೊಂಬತ್ತು ಕಿಲೋ ದಾಟಿದ್ದೇ ಇಲ್ಲ.

ಹಗ್ಗದವನು: ಇನ್ನೂರು ವರ್ಷ ಊರಿನ ಉಣ್ಣೆಯೆಲ್ಲ ತೂಗಿದ ತಕ್ಕಡಿ, ಸಾರ್. ನೀವು ಕೂತ ಕೂಡ್ಲೇ ಕೆಡೋಕೆ ಅದಕ್ಕೇನು ನಿಮ್ಮ ಮೇಲೆ ಹಗೆಯಾ?

ಹೆಂಡತಿ: ಬೆಳಗ್ಗೆ ನಾನು ಹಳೇ ಅರಮನೆ ನೋಡೋಣ ಅಂದಾಗ ಏನಂದ್ರಿ? ಹಳೇ ಕಸ ನೋಡೋಕೆ ಇಷ್ಟು ದೂರ ಬರ್ಬೇಕಾ ಅಂದ್ರಿ. ಈಗ ಆ ಕಸವೇ ನಿಮ್ಮನ್ನ ತೂಗ್ತಿದೆ.

ಬೆಟ್ಟದೂರಿನ ಕೊನೆಯ ಬಂಡೆ ಅದು. ಅಲ್ಲಿಂದ ಎದುರಿನ ಬಂಡೆಗೆ, ಕಣಿವೆಯ ಮೇಲೆ, ಉಕ್ಕಿನ ಹಗ್ಗ ಎಳೆದು ಕಟ್ಟಿದ್ದರು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಅದರಲ್ಲಿ ನೇತಾಡುತ್ತ ಜಾರಿಹೋಗುವುದೇ ಅಲ್ಲಿಯ ಸಾಹಸ. ತೂಕ ನೋಡಲು ಹಳೇ ಉಣ್ಣೆ ಸಂತೆಯ ತಕ್ಕಡಿಯನ್ನೇ ತಂದು ತೂಗುಹಾಕಿದ್ದರು. ಒಂದು ತಟ್ಟೆಯಲ್ಲಿ ತೊಂಬತ್ತು ಕಿಲೋ ಕಲ್ಲು, ಇನ್ನೊಂದರಲ್ಲಿ ಮನುಷ್ಯ. ಮನುಷ್ಯನ ತಟ್ಟೆ ನೆಲ ಮುಟ್ಟಿದರೆ ಅವನಿಗೆ ಹಗ್ಗವಿಲ್ಲ. ಗಂಡನ ತಟ್ಟೆ ಆಗಲೇ ನೆಲದ ಮೇಲಿತ್ತು. ಕಲ್ಲುಗಳು ಅವನ ತಲೆಗಿಂತ ಎತ್ತರದಲ್ಲಿ ಕೂತಿದ್ದವು.

ಅವನ ಚಡಪಡಿಕೆ ಯಾತಕ್ಕೆಂದು ಹೆಂಡತಿಗೆ ಗೊತ್ತಿತ್ತು. ಅವಳ ತಂಗಿಯ ಗಂಡ ಎಲ್ಲರೆದುರು ಪಂಥ ಕಟ್ಟಿದ್ದ. ಇವನು ಹಗ್ಗದಲ್ಲಿ ಹೋದರೆ, ಮುಂದಿನ ತಿಂಗಳು ಮಾವನ ಮನೆಯಲ್ಲಿ ಎಲ್ಲರೂ ಸೇರಿದಾಗ ವಾರವಿಡೀ ಪಾತ್ರೆ ತೊಳೆಯುವುದು ಆ ಷಡ್ಡಕ. ಹೋಗದಿದ್ದರೆ ಇವನು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಊಟವಾದ ಮೇಲೆ ಇವನು ತೊಳೆದದ್ದು ತನ್ನ ಕೈ ಒಂದೇ.

ಗಂಡ: ಬೂಟಿನ ಭಾರ ಇದು. ಹೊಸದಲ್ವಾ? ಬಿಚ್ಚಿಡ್ತೀನಿ.

ಬೂಟು ಬಿಚ್ಚಿದ. ಕಾಲುಚೀಲ ಎರಡು ಜೊತೆ, ಅವನ್ನೂ ಬಿಚ್ಚಿದ. ಜಾಕೆಟ್ಟು ಬಂತು, ಬೆಲ್ಟು ಬಂತು. ಒಂದೊಂದನ್ನೂ ಹೆಂಡತಿಯ ಕೈಗೆ ಕೊಟ್ಟ. ತಟ್ಟೆ ಅಲ್ಲಾಡಲಿಲ್ಲ.

ಹೆಂಡತಿ: ಹೊಟ್ಟೆ ಯಾಕೆ ಒಳಗೆಳ್ಕೊಂಡ್ರಿ?

ಗಂಡ: ತೂಕ ಕಮ್ಮಿ ಆಗ್ಲಿ ಅಂತ.

ಹೆಂಡತಿ: ಒಳಗೆಳ್ಕೊಂಡ್ರೆ ಅದು ಎಲ್ಲಿಗೆ ಹೋಗುತ್ತೆ? ಪಕ್ಕದ ಮನೆಗಾ?

ಹಗ್ಗದವನು: ಸಾರ್, ಇನ್ನೇನೂ ಬಿಚ್ಬೇಡಿ. ಹೆಣ್ಮಕ್ಕಳು ಓಡಾಡೋ ಜಾಗ.

ಗಂಡ ತಟ್ಟೆಯಿಂದ ಎದ್ದ. ಹೆಂಡತಿಯನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿದ. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತು. ತನ್ನ ಕೆಲಸ ಅವಳ ತಲೆಗೆ ಕಟ್ಟುವಾಗಿನ ನೋಟ ಅದು.

ಗಂಡ: ಲೇ, ನನ್ನ ಜಾಕೆಟ್ಟು, ಬೂಟು ನೀನೇ ಹಾಕ್ಕೊಂಡು ಹೋಗಿಬಿಡು. ಹೆಲ್ಮೆಟ್ಟು, ಕನ್ನಡಕ ಹಾಕಿದ ಮೇಲೆ ಯಾರು ಅಂತ ಯಾರಿಗೆ ಗೊತ್ತಾಗುತ್ತೆ? ಮೊಬೈಲು ಜೇಬಲ್ಲೇ ಇದೆ. ಆ ಕಡೆ ಇಳಿದು ಫೋಟೋ ತೆಗೆಸಿ ಅವನಿಗೆ ಕಳಿಸು.

ಹೆಂಡತಿ: ನನಗೆ ಭಯ ಆಗುತ್ತಾ ಅಂತ ಒಂದು ಮಾತು ಕೇಳೋದಿಲ್ವಾ?

ಗಂಡ: ನಿನಗೇನು ಭಯ? ನಾನಿದ್ದೀನಲ್ಲ.

ಹೆಂಡತಿ: ನೀವು ಈ ಕಡೆ ಇರ್ತೀರಿ.

ಹಗ್ಗದವನು: ಅಮ್ಮಾ, ಹಗ್ಗ ಒಂದೇ ಕಡೆಗೆ ಇಳಿಜಾರು. ವಾಪಸ್ ಬರೋದಾದ್ರೆ ನಡೀಬೇಕು.

ಗಂಡ: ಗೊತ್ತು, ಗೊತ್ತು. ನೀನು ಪಟ್ಟಿ ಕಟ್ಟಯ್ಯ!

ಹೆಂಡತಿ ಜಾಕೆಟ್ಟು ತೊಟ್ಟು, ಬೆಲ್ಟನ್ನು ಅದರ ಜೇಬಿಗೆ ತುರುಕಿ, ತನ್ನ ಚಪ್ಪಲಿಯನ್ನು ತಕ್ಕಡಿಯ ಕೆಳಗೆ ಜೋಡಿಸಿಟ್ಟಳು. ಬೂಟು ಸಡಿಲವೆಂದು ಅವನ ಎರಡು ಜೊತೆ ಕಾಲುಚೀಲವನ್ನೂ ತಾನೇ ಹಾಕಿಕೊಂಡಳು. ತಟ್ಟೆಯಲ್ಲಿ ಕೂತರೆ ಕಲ್ಲು ಕದಲಲಿಲ್ಲ. ಹಗ್ಗದವನು ಪಟ್ಟಿಯನ್ನು ಎರಡು ಸಲ ಜಗ್ಗಿ ನೋಡಿ ಕೈಬಿಟ್ಟ. ಅವಳು ಕಣ್ಣು ಮುಚ್ಚಲಿಲ್ಲ. ಕೆಳಗೆ ಇಡೀ ಊರು ಹಂಚುಹಂಚಾಗಿ ಕಂಡಿತು. ಇಷ್ಟು ದಿನ ಇಂಥ ಸಾಹಸವನ್ನೆಲ್ಲ ಇವರಿಗೇ ಬಿಟ್ಟುಕೊಟ್ಟಿದ್ದೆನಲ್ಲ, ಎಂದುಕೊಂಡಳು.

ಹತ್ತು ನಿಮಿಷದ ಮೇಲೆ ಹಗ್ಗದವನ ವಾಕಿಟಾಕಿ ಕರಕರ ಎಂದಿತು.

ಹೆಂಡತಿ: ರೀ, ತಲುಪಿದೆ. ಎಷ್ಟು ಚೆನ್ನಾಗಿತ್ತು ಗೊತ್ತಾ!

ಗಂಡ: ಅದಿರ್ಲಿ. ಫೋಟೋ?

ಹೆಂಡತಿ: ತೆಗೆಸಿ ಕಳಿಸಿಯೂ ಆಯ್ತು.

ಗಂಡ: ಭೇಷ್! ಏನಂದ ಅವನು?

ಹೆಂಡತಿ: "ಅಕ್ಕಾ, ಹೆಲ್ಮೆಟ್ ತೆಗೆದು ಎಷ್ಟು ಚೆನ್ನಾಗಿ ನಗ್ತಿದೀರಿ, ಭಾವ ಎಲ್ಲಿ?" ಅಂದ್ರು.

ಗಂಡ ವಾಕಿಟಾಕಿಯನ್ನು ಕಿವಿಯಿಂದ ದೂರ ಹಿಡಿದು ನೋಡಿದ. ತಪ್ಪು ಅದರದ್ದೇ ಇರಬಹುದು ಎಂಬಂತೆ.

ಗಂಡ: ಹೆಲ್ಮೆಟ್ ಯಾಕೆ ತೆಗೆದೆ?

ಹೆಂಡತಿ: ಹೋಗಿದ್ದು ನಾನಲ್ವಾ?

ಗಂಡ: ಆಯ್ತು, ಆ ಮಾತು ಆಮೇಲೆ. ಬೇಗ ವಾಪಸ್ ಬಾ. ನನ್ನ ಬೂಟು, ರೂಮಿನ ಬೀಗದ ಕೈ, ಎಲ್ಲ ನಿನ್ನ ಹತ್ರಾನೇ ಇದೆ.

ಹೆಂಡತಿ: ನಾನ್ಯಾಕೆ ಬರ್ಲಿ? ಅರಮನೆ ಇರೋದು ಈ ಕಡೆ. ನಿಧಾನಕ್ಕೆ ನೋಡ್ತೀನಿ. ನೀವೇ ಬನ್ನಿ, ನನ್ನ ಚಪ್ಪಲಿ ಅಲ್ಲೇ ಇದೆಯಲ್ಲ. ಹಾಂ, ಬರ್ತಾ ದಾರೀಲಿ ಅಂಗಡಿ ಸಿಕ್ರೆ ಪಾತ್ರೆ ತಿಕ್ಕೋ ನಾರು ತಗೊಳ್ಳಿ. ನಿಮ್ಮ ಕೈಗೆ ಮೆತ್ತಗಿರೋದು ನೋಡಿ.

ಗಂಡ ವಾಕಿಟಾಕಿಯನ್ನು ಹಗ್ಗದವನ ಕೈಗೆ ವಾಪಸ್ ಕೊಟ್ಟ.

ಗಂಡ: ಎಷ್ಟು ಮೆಟ್ಟಿಲಯ್ಯ?

ಹಗ್ಗದವನು: ಇಳಿಯೋಕೆ ಏಳುನೂರ ಹನ್ನೆರಡು, ಆ ಕಡೆ ಹತ್ತೋಕೆ ಆರುನೂರ ನಲವತ್ತು.

ಗಂಡ ಹೆಂಡತಿಯ ಚಪ್ಪಲಿಗೆ ಕಾಲು ತೂರಿಸಿದ. ಹಿಮ್ಮಡಿ ಮೂರು ಬೆರಳಷ್ಟು ಹೊರಗೇ ಉಳಿಯಿತು. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಯಾಕೆಂದರೆ ಬೆಲ್ಟೂ ಆ ಕಡೆಗೇ ಹೋಗಿತ್ತು, ಮೊದಲನೇ ಮೆಟ್ಟಿಲು ಇಳಿದ.

ಹಗ್ಗದವನು: ಸಾರ್, ತಕ್ಕಡಿ ಸಾಯಂಕಾಲದವರೆಗೂ ಇಲ್ಲೇ ಇರುತ್ತೆ. ಹೋಗಿ ಬಂದು ಇನ್ನೊಂದು ಸಲ ಕೂತ್ಕೊಳ್ಳಿ. ಅಷ್ಟೊತ್ತಿಗೆ ಕಲ್ಲೇ ಭಾರ ಆಗಿರುತ್ತೆ!