ಹಳೇ ಮಾತಿಗೆ ಬಾಣದ ಗುರುತು

ನಮ್ಮ ಮಂಡ್ಯದ ಕಡೆ ಜಗಳ ಯಾವತ್ತೂ ಹೊಸದಾಗಿ ಶುರುವಾಗುವುದಿಲ್ಲ. 'ಅವತ್ತು ನೀನೇನಂದೆ, ಮರ್ತೋಯ್ತೇನ್ಲಾ?' ಎಂದು ಹಳೆಯದನ್ನು ಎತ್ತಿಕೊಂಡೇ ಶುರುವಾಗಬೇಕು. ಹಾಗಾಗಿ ಈಮೇಲಿನಲ್ಲಿ ಹಿಂದಿನವರ ಸಾಲುಗಳನ್ನು ಉಳಿಸಿಕೊಂಡು, ಒಂದೊಂದರ ಮುಂದೆಯೂ '>' ಎಂಬ ಬಾಣದ ಗುರುತು ಹಾಕಿ, ಅದರ ಕೆಳಗೆ ಉತ್ತರ ಬರೆಯುವ ಪದ್ಧತಿಯನ್ನು ಆಫೀಸಿನಲ್ಲಿ ಕಲಿತಾಗ ನನಗೆ ಏನೂ ಕಷ್ಟವಾಗಲಿಲ್ಲ. ಈಮೇಲು ಬರೆಯುವ ಎಡಿಟರ್ ತೆರೆದು ಕೂತರೆ ನನ್ನಷ್ಟು ಅಚ್ಚುಕಟ್ಟಾಗಿ ಹಳೇ ಮಾತು ಜೋಡಿಸುವವರು ಇನ್ನೊಬ್ಬರಿರಲಿಲ್ಲ. ಬೆಂಕಿ ಹಾಕ ಆ ಹೆಮ್ಮೆಗೆ!

ಮಳವಳ್ಳಿಯಲ್ಲಿ ನನ್ನ ಅಣ್ಣ ಇದ್ದಾನೆ, ನಿವೃತ್ತ ಮೇಷ್ಟ್ರು. ಅವ್ವ ಕೊನೆಯ ದಿನಗಳನ್ನು ಕಳೆದದ್ದು ಅವನ ಮನೆಯಲ್ಲಿ. ಅವಳು ಹೋದ ಮೇಲೆ, ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ನಾನು ಬರೆದೆ. ನೀನು ಬಂದು ನೋಡಿದ್ದು ಎಷ್ಟು ಸಲ ಎಂದು ಅವನು ಬರೆದ. ಫೋನಿನಲ್ಲಾದರೆ ಕಿರುಚಾಡಿ ಮರೆತುಬಿಡುತ್ತಿದ್ದೆವೇನೋ. ಇಲ್ಲಿ ಪ್ರತಿ ಉತ್ತರಕ್ಕೂ ಹಳೆಯ ಬೈಗುಳವೆಲ್ಲ ಬಾಲದ ಹಾಗೆ ಜೋತುಬಿದ್ದು, ನಾಲ್ಕು ಸಾಲಿನ ಸಿಟ್ಟು ಮಾರುದ್ದ ಬೆಳೆಯಿತು.

ಅವ್ವನ ವರ್ಷದ ತಿಥಿ ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ. 'ಅಣ್ಣಾ, ಎಲ್ಲ ಮರೆತಿದ್ದೇನೆ. ನೀನಿಲ್ಲದೆ ಅವ್ವನಿಗೆ ಎಡೆ ಇಡುವುದು ಹೇಗೆ? ಬಾ' ಎಂದು ಅವನ ಕೊನೆಯ ಈಮೇಲಿಗೇ ಉತ್ತರ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನು ಬಂತು.

'ಲೇ, ಎಲ್ಲಾ ಮರ್ತಿವ್ನಿ ಅಂತೀಯ, ಕೆಳಗ್ ನೋಡುದ್ರೆ ನನ್ನ ಬೈದಿರಾದ್ನೆಲ್ಲಾ ಒಂದಕ್ಸರ ಬುಡ್ದಂಗೆ ಮಡಗಿದ್ದೀಯಲ್ಲಾ! ನಾಚ್ಕೆ ಆಗಾಕಿಲ್ವಾ?'

ಅಷ್ಟು ಹೇಳಿ ಇಟ್ಟುಬಿಟ್ಟ. ಅಯ್ಯೋ ನನ್ನ ಅಭ್ಯಾಸವೇ! ಬಾಲ ಕತ್ತರಿಸುವುದನ್ನೇ ಮರೆತಿದ್ದೆ.

ಮತ್ತೆ ಎಡಿಟರ್ ತೆರೆದು ಹಳೆಯದನ್ನೆಲ್ಲ ಅಳಿಸುತ್ತಾ ಹೋದೆ. ನಡುವೆ ಅಣ್ಣನ ಸಾಲೊಂದು ಸಿಕ್ಕಿತು: 'ಅವ್ವ ಕೊನೆಯವರೆಗೂ ನಿನ್ನನ್ನೇ ಕೇಳುತ್ತಿದ್ದಳು.' ಎಲ್ಲದಕ್ಕೂ ಉತ್ತರ ಜಡಿದಿದ್ದ ನಾನು ಅದರ ಕೆಳಗೆ ಮಾತ್ರ ಏನೂ ಬರೆದಿರಲಿಲ್ಲ. ಅದನ್ನೂ ಅಳಿಸಿ, 'ಅಣ್ಣಾ, ಊಟಕ್ಕೆ ಬಾ' ಎಂಬ ಒಂದೇ ಸಾಲು ಕಳಿಸಿದೆ.

ತಿಥಿಯ ದಿನ ಅಣ್ಣನಿಗೆಂದು ಹಾಕಿದ್ದ ಎಲೆ ಹಾಗೇ ಬಾಡಿತು. ಸಂಜೆ ಅವನ ಈಮೇಲು ಬಂತು. ನನ್ನದೇ ಸಾಲು, ಅದರ ಮುಂದೆ ಬಾಣ, ಕೆಳಗೆ ಏನೂ ಇಲ್ಲ.

'ಬಾವ ಏನಾರ ಬರ್ದವ್ರಾ?' ಎಂದಳು ಹೆಂಡತಿ.

ಇಲ್ಲ ಎಂದೆ.

'ಮಳವಳ್ಳಿ ಏನ್ ದೂರ್ವಾ? ಬಸ್ ಅತ್ಕಂಡ್ ಓಗಿ, ಎದುರ್ಗೆ ಕುಂತ್ಕಂಡು ಮಾತಾಡ್ಬುಟ್ಟು ಬನ್ನಿ.'

ಅವಳ ಮಾತು ಸರಿಯೇ. ಎದ್ದು ಚಪ್ಪಲಿಯನ್ನೂ ಮೆಟ್ಟಿಕೊಂಡೆ. ಹೊರಡುವ ಮೊದಲು, ಬರುತ್ತಿದ್ದೇನೆ ಎಂದು ಒಂದು ಉತ್ತರ ಹಾಕಿಬಿಡೋಣ ಎನ್ನಿಸಿತು. ಅಣ್ಣ ಬಿಟ್ಟ ಆ ಖಾಲಿ ಸಾಲಿನ ಮುಂದೆ ಬಾಣದ ಗುರುತು ಹಾಕಿ, ಅದರ ಕೆಳಗೆ ಏನು ಬರೆಯಲಿ ಎಂದು ಕೂತೇ ಇದ್ದೇನೆ. ಚಪ್ಪಲಿ ಇನ್ನೂ ಕಾಲಲ್ಲೇ ಇದೆ. ಮಳವಳ್ಳಿಯ ಕೊನೆಯ ಬಸ್ಸು ಹೋಯಿತು.